ಬೀಗವೂ ಬಾಯಿಬೀಗವೂ

ಪರಸ್ಥಳಕ್ಕೆ ಹೊರಟವನು ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಎರಡು ಬಾರಿ ಜಗ್ಗಿ ನೋಡದೆ ಮೆಟ್ಟಿಲಿಳಿಯುವುದಿಲ್ಲ. ಕೆಲವರು ಬೀದಿಯ ತಿರುವಿನವರೆಗೂ ಹೋಗಿ, ಮನಸ್ಸು ತಡೆಯದೆ ಹಿಂದಿರುಗಿ ಬಂದು, ಮೂರನೆಯ ಸಲ ಜಗ್ಗುವುದೂ ಉಂಟು. ಈ ಜಗ್ಗಾಟದಿಂದ ನಮಗೆ ತಿಳಿದುಬರುವುದಾದರೂ ಏನು? ಬೀಗದ ಕೊಂಡಿ ಒಳಗೆ ಕಚ್ಚಿಕೊಂಡಿದೆ ಎಂಬುದಿಷ್ಟೇ. ನಮ್ಮ ಬೀಗದ ಕೈಯಲ್ಲದೆ ಬೇರೊಂದು ಕೈಗೂ ಅದು ಓಗೊಟ್ಟೀತೇ, ಚಿಲಕದ ಮೊಳೆಗಳು ಗೆದ್ದಲು ತಿಂದ ಮರದಲ್ಲಿ ನಿಂತಿವೆಯೇ, ಹಿತ್ತಲ ಬಾಗಿಲಿನ ಅಗುಳಿ ಹಾಕಿದೆಯೇ ಎಂಬುದೊಂದನ್ನೂ ಅದು ಹೇಳುವುದಿಲ್ಲ. ಸಜ್ಜನನು ಬೀಗವನ್ನು ಸಜ್ಜನನಂತೆಯೇ ಪರೀಕ್ಷಿಸುತ್ತಾನೆ. ಕಳ್ಳನ ಪರೀಕ್ಷೆಯ ಕ್ರಮವೇ ಬೇರೆ.

ಮೈಸೂರಿನ ಕಡೆ ನಾವು ಬೀಗವೆನ್ನುವುದನ್ನು ಧಾರವಾಡದ ಕಡೆಯವರು ಕೀಲಿ ಎನ್ನುತ್ತಾರೆ. ಹೆಣ್ಣು ಕೊಟ್ಟವರನ್ನೂ ತಂದವರನ್ನೂ ಬೀಗರೆಂದು ಕರೆಯುವ ನಾಡಿನಲ್ಲಿ ಆ ಪದಕ್ಕೂ ಈ ಪದಕ್ಕೂ ನಂಟುಂಟೇ ಎಂಬುದನ್ನು ಭಾಷಾಶಾಸ್ತ್ರಜ್ಞರು ಹೇಳಬೇಕು. ನಾನು ಆ ಗೋಜಿಗೆ ಹೋಗುವುದಿಲ್ಲ. ಹೆಸರು ಯಾವುದಾದರೇನು, ಅದರ ಮೇಲಣ ವಿಶ್ವಾಸ ಎಲ್ಲೆಡೆಯೂ ಒಂದೇ. ಆ ವಿಶ್ವಾಸಕ್ಕೆ ಸಾಕ್ಷಿಗಳ ಎದುರಿನಲ್ಲಿಯೇ ಪೆಟ್ಟು ಬಿದ್ದ ಪ್ರಸಂಗವೊಂದು ಲಂಡನ್ನಿನಲ್ಲಿ ನಡೆಯಿತು. ಕಂಪ್ಯೂಟರುಗಳ ಮತ್ತು ಕಚೇರಿಯ ಜಾಲಗಳ ಈ ಕಾಲದಲ್ಲಿ ಅದನ್ನು ನೆನೆಯುವುದಕ್ಕೆ ಕಾರಣವಿಲ್ಲದಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆ ನಗರದಲ್ಲಿ ಜೋಸೆಫ್ ಬ್ರಾಮಾ ಎಂಬ ಯಂತ್ರಕುಶಲಿಯಿದ್ದನು. ೧೭೮೪ರಲ್ಲಿ ಆತನು ಹೊಸ ಬಗೆಯ ಬೀಗವೊಂದಕ್ಕೆ ಪೇಟೆಂಟು ಪಡೆದನು. ಮುಂದೆ ಪಿಕಡಿಲಿ ಬೀದಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಅಂಥದೊಂದು ಬೀಗವನ್ನಿಟ್ಟು, ಇದನ್ನು ತೆರೆಯಬಲ್ಲ ಸಾಧನವನ್ನು ಮಾಡಿ ತಂದವರಿಗೆ ಆ ಗಳಿಗೆಯಲ್ಲಿಯೇ ೨೦೦ ಗಿನಿ ಸಲ್ಲುವುದೆಂದು ಫಲಕ ಬರೆಸಿದನು. ೧೮೧೪ರಲ್ಲಿ ಬ್ರಾಮಾ ತೀರಿಕೊಂಡನು; ಮಕ್ಕಳು ವ್ಯಾಪಾರ ಮುಂದುವರಿಸಿದರು; ಬೀಗವೂ ಫಲಕವೂ ಇದ್ದಲ್ಲಿಯೇ ಇದ್ದವು. ಇತ್ತ ೧೮೧೭ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೀಲಿಗಳಿಂದ ಕಳವಾಗಲು, ತನ್ನ ಕೈಗಲ್ಲದೆ ಮತ್ತಾವುದಕ್ಕೂ ಬಗ್ಗದ ಬೀಗವನ್ನು ಮಾಡಿದವರಿಗೆ ಸರಕಾರ ಬಹುಮಾನ ಸಾರಿತು. ಮರುವರ್ಷ ಜೆರೆಮಿಯಾ ಚಬ್ ಎಂಬುವನು ತನ್ನ ಬೀಗದೊಡನೆ ಮುಂದೆ ಬಂದನು.

ಚಬ್ಬನ ಬೀಗದ ಚಮತ್ಕಾರವನ್ನು ಸ್ವಲ್ಪ ವಿವರಿಸಬೇಕು. ಅದರೊಳಗೆ ಒಂದರ ಮೇಲೊಂದು ಕೆಲವು ತೆಳು ಸನ್ನೆತಗಡುಗಳಿರುತ್ತವೆ. ಬೀಗದ ಕೈಯ ಹಲ್ಲುಗಳು ಪ್ರತಿಯೊಂದು ತಗಡನ್ನೂ ಅದಕ್ಕೆ ತಕ್ಕಷ್ಟೇ ಎತ್ತಿದಾಗ ಮಾತ್ರ ಒಳಗಿನ ಅಗುಳಿ ಸರಿಯುವುದು. ಇಷ್ಟು ಬೇರೆ ಬೀಗಗಳಲ್ಲೂ ಉಂಟು. ಇಲ್ಲಿ ಹೆಚ್ಚಿನದೇನೆಂದರೆ, ಯಾರಾದರೂ ಒಂದು ತಗಡನ್ನು ಬೇಕಾದುದಕ್ಕಿಂತ ಮೇಲೆತ್ತಿದರೆ ಒಂದು ಸ್ಪ್ರಿಂಗು ಅದನ್ನು ಹಿಡಿದುಬಿಡುತ್ತದೆ. ಆಮೇಲೆ ನಿಜವಾದ ಕೈಗೂ ಬೀಗ ತೆರೆಯದು. ತನ್ನ ಬೀಗಕ್ಕೆ ಯಾರೋ ಕೈಹಾಕಿದ್ದಾರೆಂದು ಯಜಮಾನನಿಗೆ ತಿಳಿದುಹೋಗುವುದು. ಹಡಗಿನ ಸೆರೆಮನೆಯಲ್ಲಿದ್ದ, ಬೀಗದ ಕಸುಬು ಬಲ್ಲ ಕೈದಿಯೊಬ್ಬನಿಗೆ ಇದನ್ನು ಕೊಟ್ಟು, ತೆರೆದರೆ ಬಿಡುಗಡೆ ಎಂದು ಆಸೆ ತೋರಿಸಿದರು. ಅವನು ಎರಡು ಮೂರು ತಿಂಗಳು ಹೆಣಗಿ ಕೈಚೆಲ್ಲಿದನು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಬ್ಯಾಂಕುಗಳೂ ಸಿರಿವಂತರೂ ನಿಶ್ಚಿಂತೆಯಿಂದ ನಿದ್ರೆಮಾಡಿದರು.

೧೮೫೧ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ನಾನಾ ದೇಶಗಳ ಸರಕು ಬಂದಿತು. ನ್ಯೂಯಾರ್ಕಿನ ಬೀಗದ ವ್ಯಾಪಾರಿಗಳ ಪರವಾಗಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕನ್ನನೂ ಬಂದನು. ಇಂಗ್ಲೆಂಡಿನ ಹೆಸರಾಂತ ಬೀಗಗಳನ್ನು ತೆರೆಯಬಹುದೆಂದು ಆತನು ಆಡಿದ ಮಾತನ್ನು ಯಾರೂ ನಂಬಲಿಲ್ಲ. ಜುಲೈ ತಿಂಗಳಲ್ಲಿ ವೆಸ್ಟ್‌ಮಿನ್‌ಸ್ಟರಿನ ಮನೆಯೊಂದರ ಭದ್ರಕೋಣೆಗೆ ಹಾಕಿದ್ದ ಚಬ್ ಬೀಗದ ಮುಂದೆ, ಕರೆಸಿದ್ದ ಸಾಕ್ಷಿಗಳ ಸಮಕ್ಷಮದಲ್ಲಿ, ಕೆಲವು ಪುಟ್ಟ ಸಲಕರಣೆಗಳನ್ನು ಹಿಡಿದು ಕುಳಿತನು. ೨೫ ನಿಮಿಷಗಳಲ್ಲಿ ಬೀಗ ತೆರೆಯಿತು. ಮತ್ತೆ ಹಾಕಿ ತೋರಿಸೆಂದರು. ಏನೂ ಕೆಡದಂತೆ ೭ ನಿಮಿಷಗಳಲ್ಲಿ ಹಾಕಿ ತೋರಿಸಿದನು. ಆಮೇಲೆ ಬ್ರಾಮಾನ ಅಂಗಡಿಯ ಬೀಗ. ಹದಿನೆಂಟು ಜಾರುಪಟ್ಟಿಗಳಿದ್ದ ಆ ಬೀಗ ಸುಲಭದ ತುತ್ತಾಗಲಿಲ್ಲ. ಹದಿನಾರು ದಿನಗಳಲ್ಲಿ ಹರಡಿಕೊಂಡು ಸುಮಾರು ೫೧ ಗಂಟೆಗಳ ದುಡಿಮೆ ಹಿಡಿಯಿತು. ಆಗಸ್ಟ್ ತಿಂಗಳಲ್ಲಿ ಅದೂ ತೆರೆಯಿತು. ಬ್ರಾಮಾ ಅಂಗಡಿಯವರು ತಕರಾರು ಎತ್ತಿದರಾದರೂ, ಮಧ್ಯಸ್ಥರ ತೀರ್ಪಿನಂತೆ ೨೦೦ ಗಿನಿ ಎಣಿಸಿ ಕೊಡಬೇಕಾಯಿತು.

ಹಾಬ್ಸನ ಕೈಚಳಕಕ್ಕಿಂತ ಅದರ ಹಿಂದಿನ ತತ್ತ್ವ ನನಗೆ ಹೆಚ್ಚು ರುಚಿಸುತ್ತದೆ. ಮನುಷ್ಯನ ಕೈಯಿಂದಾದ ಎರಡು ತಗಡುಗಳು ಎಂದೂ ಕರಾರುವಾಕ್ಕಾಗಿ ಒಂದೇ ಅಳತೆಯವಾಗಿರುವುದಿಲ್ಲ. ಕೂದಲೆಳೆಯಷ್ಟಾದರೂ ಹೆಚ್ಚುಕಡಮೆ ಇದ್ದೇ ಇರುತ್ತದೆ. ಅಗುಳಿಯ ಮೇಲೆ ಮೆಲ್ಲಗೆ ಒತ್ತಡ ಹೇರಿದರೆ ಎಲ್ಲ ತಗಡುಗಳೂ ಏಕಕಾಲಕ್ಕೆ ಅಡ್ಡ ನಿಲ್ಲುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯುವುದು. ಅದನ್ನು ಬೆರಳಿನಿಂದ ಗುರುತಿಸಿ, ಎತ್ತಿ, ಆಮೇಲೆ ಇನ್ನೊಂದನ್ನು ಅರಸಬೇಕು. ಎಲ್ಲವನ್ನೂ ಒಟ್ಟಿಗೆ ಊಹಿಸಬೇಕಾಗಿದ್ದರೆ ಜನ್ಮ ಸಾಲದು. ಒಂದೊಂದಾಗಿ ಊಹಿಸಿದರೆ ಒಂದು ಮಧ್ಯಾಹ್ನ ಸಾಕು. ಚಬ್ಬನ ಎಚ್ಚರಿಕೆಯ ಸ್ಪ್ರಿಂಗಾದರೋ, ತಗಡು ಹೆಚ್ಚು ಮೇಲೆದ್ದಿತೆಂದು ಯಜಮಾನನಿಗೆ ಹೇಳುವಂತೆಯೇ ಕುಶಲಿಯಾದ ಕಳ್ಳನಿಗೂ ಹೇಳುತ್ತದೆ. ಕಾವಲಿಗೆಂದು ಕೂಡಿಸಿದವನೇ ದಾರಿ ತೋರಿಸಿದಂತಾಯಿತು!

ಲಂಡನ್ನಿನ ಪತ್ರಿಕೆಗಳಲ್ಲಿ ಗದ್ದಲವೋ ಗದ್ದಲ. ಬೀಗ ತೆರೆದದ್ದಕ್ಕಿಂತ, ತೆರೆಯಬಹುದೆಂದು ಜಗತ್ತಿಗೆಲ್ಲ ತಿಳಿಯಿತಲ್ಲಾ ಎಂಬ ಸಂಕಟ ಅನೇಕರಿಗೆ. ಇಂಥ ವಿದ್ಯೆಯನ್ನು ಬಹಿರಂಗಪಡಿಸುವುದು ಕಳ್ಳರಿಗೆ ಪಾಠಶಾಲೆ ತೆರೆದಂತಲ್ಲವೇ ಎಂದು ಕೇಳಿದರು. ಇದಕ್ಕೆ ಉತ್ತರವು ೧೮೫೩ರಲ್ಲಿ ಚಾರ್ಲ್ಸ್ ಟಾಮ್ಲಿನ್ಸನ್ ಸಂಪಾದಿಸಿದ, ಬೀಗಗಳ ರಚನೆಯನ್ನು ಕುರಿತ ಪುಟ್ಟ ಗ್ರಂಥದಲ್ಲಿದೆ. ಕಳ್ಳರು ತಮ್ಮ ಕಸುಬಿನಲ್ಲಿ ಬಹು ಚುರುಕು. ನಾವು ಕಲಿಸಬಹುದಾದುದಕ್ಕಿಂತ ಹೆಚ್ಚನ್ನು ಅವರು ಆಗಲೇ ಬಲ್ಲರು. ತಿಳಿಯದೆ ಉಳಿದಿರುವವನು ಹಣ ಕೊಟ್ಟು ಬೀಗ ಕೊಳ್ಳುವ ಸಜ್ಜನನೊಬ್ಬನೇ. ಎಂದಮೇಲೆ ಬಚ್ಚಿಟ್ಟು ಯಾರನ್ನು ಕಾಪಾಡಿದಂತಾಯಿತು ಎಂಬುದು ಅಲ್ಲಿನ ವಾದದ ಸಾರ. ಹಾಬ್ಸನಿಗೆ ತನ್ನ ಬೀಗಗಳನ್ನು ಮಾರುವ ಸ್ವಾರ್ಥವಿತ್ತೆಂಬುದೂ ನಿಜ. ಮುಂದೆ ಆತನು ಲಂಡನ್ನಿನಲ್ಲಿಯೇ ಕಾರ್ಖಾನೆ ಹೂಡಿದನು. ೧೮೫೪ರಲ್ಲಿ ಚಬ್ ಕಂಪನಿಯ ಕುಶಲಿಯೊಬ್ಬನು ಹಾಬ್ಸನ ಬೀಗವನ್ನು ತೆರೆದು ಸೇಡು ತೀರಿಸಿಕೊಂಡನು. ನನ್ನ ಎಣಿಕೆಯಲ್ಲಿ ಇದರಿಂದ ಲಾಭವಾದದ್ದು ಬೀಗ ಕೊಳ್ಳುವವರಿಗೆ. ವ್ಯಾಪಾರಿಗಳ ಜಗಳದಲ್ಲಿ ಗಿರಾಕಿಗೆ ಸತ್ಯ ತಿಳಿಯುವುದು ಲೋಕದಲ್ಲಿ ಅಪರೂಪವೇನಲ್ಲ.

ಅಮೆರಿಕದಲ್ಲಿ ಲೈನಸ್ ಯೇಲ್ ಎಂಬುವನು ೧೮೬೦ರ ದಶಕದಲ್ಲಿ, ಪ್ರಾಚೀನ ಈಜಿಪ್ಟಿನ ಮರದ ಬೀಗದ ಗೂಟಗಳ ತತ್ತ್ವವನ್ನೇ ಸಣ್ಣ ಹಿತ್ತಾಳೆಯ ಉರುಳೆಯೊಳಕ್ಕೆ ಇಳಿಸಿದನು. ನಮ್ಮಲ್ಲಿ ಆರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ೧೮೯೭ರಲ್ಲಿ ಬೀಗದ ಕೆಲಸ ಆರಂಭಿಸಿದರು. ಆಲಿಗಢದ ಬೀಗಗಳು ಊರೂರಿನ ಸಂತೆಗೂ ಬಂದವು. ಬೀಗ ಉತ್ತಮವಾಯಿತು, ಅಗ್ಗವೂ ಆಯಿತು. ಜಗಳ ಮಾತ್ರ ಹಳೆಯದೇ ಉಳಿಯಿತು. ದೊಡ್ಡ ಕಚೇರಿಗಳಲ್ಲಿ ಪ್ರತಿ ಕೋಣೆಗೆ ಒಂದೊಂದು ಕೈಯೂ, ಎಲ್ಲ ಕೋಣೆಗಳಿಗೂ ಒಪ್ಪುವ ಒಂದು ಯಜಮಾನ ಕೈಯೂ ಇರುವುದನ್ನು ಓದುಗರು ಕಂಡಿರಬಹುದು. ತನ್ನ ಒಂದು ಕೋಣೆಯ ಕೈ, ಆ ಕೋಣೆಯ ಬೀಗ, ಕೆಲವು ಹಲ್ಲು ಕೊರೆಯದ ಕೈಗಳು, ಒಂದು ಅರ, ಇಷ್ಟಿದ್ದರೆ ಯಾವ ನೌಕರನಾದರೂ ಆ ಯಜಮಾನ ಕೈಯನ್ನು ತಾನೇ ಮಾಡಿಕೊಳ್ಳಬಹುದೆಂದು ೨೦೦೩ರಲ್ಲಿ ಮ್ಯಾಟ್ ಬ್ಲೇಜ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಪ್ರಬಂಧ ಬರೆದನು. ಇಲ್ಲಿಯೂ ಸಂಗತಿ ಹಾಬ್ಸನದೇ: ಎಲ್ಲ ಹಲ್ಲುಗಳನ್ನೂ ಒಟ್ಟಿಗೆ ಊಹಿಸಬೇಕಾಗಿಲ್ಲ, ಒಂದೊಂದಾಗಿ ಊಹಿಸಿದರೆ ಸಾಕು. ಬೀಗದ ಕಸುಬಿನವರು ಕೋಪಗೊಂಡರು. ‘ಇದು ಸುಳ್ಳು’ ಎಂದಲ್ಲ; ‘ಇದು ನಮಗೆ ಬಹುಕಾಲದಿಂದ ಗೊತ್ತಿದ್ದದ್ದೇ, ಹೊರಗೇಕೆ ಹೇಳಿದಿರಿ?’ ಎಂದು. ಗೊತ್ತಿದ್ದೂ ಗಿರಾಕಿಗೆ ಹೇಳದೆ ಮಾರಿದವರ ಬಾಯಿಂದ ಈ ಮಾತು ಬಂದಿತೆಂಬುದನ್ನು ಗಮನಿಸಬೇಕು.

ಗುಟ್ಟು ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸಿ ಗೊಂದಲಕ್ಕೆ ಬೀಳುತ್ತೇವೆ. ಇದನ್ನು ಬಿಡಿಸಿ ಹೇಳಿದವನು ಒಬ್ಬ ಭಾಷೆಯ ಅಧ್ಯಾಪಕ ಎಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ವಿಷಯ. ಹಾಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಭಾಷೆಗಳನ್ನು ಕಲಿಸುತ್ತಿದ್ದ ಆಗಸ್ಟ್ ಕೆರ್ಕೋಫ್ಸ್, ವೊಲಾಪುಕ್ ಎಂಬ ಕೃತಕ ವಿಶ್ವಭಾಷೆಯನ್ನು ಹರಡಲು ಹೆಣಗಿದವನು. ಆ ಭಾಷೆ ಬಾಳಲಿಲ್ಲ. ಆದರೆ ೧೮೮೩ರಲ್ಲಿ ಸೈನ್ಯದ ಗೂಢಲಿಪಿಯನ್ನು ಕುರಿತು ಬರೆದ ಲೇಖನದಲ್ಲಿ ಆತನು ಹಾಕಿಕೊಟ್ಟ ನಿಯಮ ಇಂದಿಗೂ ಬಾಳಿದೆ: ಗೂಢಲಿಪಿಯ ಪದ್ಧತಿ ಶತ್ರುವಿನ ಕೈಗೆ ಸಿಕ್ಕಿದರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದದ್ದು ಅದರ ಕೀಲಿಯೊಂದೇ. ಬೀಗಕ್ಕೆ ಅನ್ವಯಿಸಿ ಹೇಳುವುದಾದರೆ, ಕೈ ಗುಟ್ಟಾಗಿರಲಿ, ಬೀಗದ ಹೊಟ್ಟೆಯೊಳಗೆ ಏನಿದೆಯೆಂಬುದು ಗುಟ್ಟಾಗಿರಬೇಕಾಗಿಲ್ಲ. ಕೈ ಕಳೆದರೆ ಬದಲಾಯಿಸಬಹುದು. ಸಾವಿರ ಮನೆಗಳ ಬಾಗಿಲಲ್ಲಿ ತೂಗುತ್ತಿರುವ ಬೀಗದ ರಚನೆಯನ್ನು ರಾತ್ರೋರಾತ್ರಿ ಬದಲಾಯಿಸುವುದು ಹೇಗೆ?

ಈ ಮಾತನ್ನು ಅಧಿಕಾರದಲ್ಲಿರುವವರಿಗೆ ತಿಳಿಸಲು ಹೊರಟವನ ಪಾಡೇನೆಂಬುದಕ್ಕೆ ರಿಚರ್ಡ್ ಫೈನ್‌ಮನ್ನನ ಅನುಭವ ಸೊಗಸಾದ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮೋಸ್‌ನಲ್ಲಿ ಪರಮಾಣು ಬಾಂಬಿನ ಕಾರ್ಯದಲ್ಲಿದ್ದ ಈ ಭೌತವಿಜ್ಞಾನಿಗೆ ಬೀಗ ಬಿಡಿಸುವುದು ವಿನೋದದ ವ್ಯಸನ. ೧೯೮೫ರಲ್ಲಿ ಪ್ರಕಟವಾದ ನೆನಪುಗಳಲ್ಲಿ ಆತನೇ ಇದನ್ನು ಹೇಳಿಕೊಂಡಿರುವನು. ಅಲ್ಲಿನ ರಹಸ್ಯ ಕಾಗದಗಳಿದ್ದ ಬೀರುಗಳಿಗೆ ಅಂಕಿಯ ಬೀಗಗಳು. ತಿರುಗುವ ಬಿಲ್ಲೆಯ ಮೇಲೆ ನೂರು ಗೆರೆ. ಮೂರು ಸಂಖ್ಯೆಗಳನ್ನು ಕ್ರಮವಾಗಿ ಹೊಂದಿಸಬೇಕು. ಲೆಕ್ಕದ ಪ್ರಕಾರ ಹತ್ತು ಲಕ್ಷ ಬಗೆ. ಆದರೆ ಯಂತ್ರ ಅಷ್ಟು ನಿಷ್ಠುರವಲ್ಲ; ಹೇಳಿದ ಸಂಖ್ಯೆಗೆ ಎರಡು ಗೆರೆ ಹಿಂದುಮುಂದಾದರೂ ಒಪ್ಪಿಕೊಳ್ಳುತ್ತಿತ್ತು. ಎಂದರೆ ನೂರರ ಬದಲು ಇಪ್ಪತ್ತೇ ಸಂಖ್ಯೆ. ಹತ್ತು ಲಕ್ಷದ ಬದಲು ೮೦೦೦. ಇದೂ ಹೆಚ್ಚೇ. ಬೀರು ತೆರೆದಿರುವಾಗ ಅದಕ್ಕೊರಗಿ ನಿಂತು ಮಾತನಾಡುತ್ತ ಬಿಲ್ಲೆಯೊಡನೆ ಬೆರಳಾಡಿಸಿದರೆ ಕೊನೆಯ ಎರಡು ಸಂಖ್ಯೆಗಳು ತಿಳಿದುಬಿಡುತ್ತವೆಂದು ಆತನು ಕಂಡುಕೊಂಡನು. ಉಳಿದದ್ದು ಒಂದೇ ಸಂಖ್ಯೆ, ಇಪ್ಪತ್ತೇ ಪ್ರಯತ್ನ!

ಒಮ್ಮೆ ಓಕ್ ರಿಡ್ಜ್ ಎಂಬಲ್ಲಿ, ಯುರೇನಿಯಂ ಬೇರ್ಪಡಿಸುವ ಕಾರ್ಖಾನೆಗಳಿದ್ದ ಕಡೆ, ಒಬ್ಬ ಕರ್ನಲ್ಲನ ಕೋಣೆಗೆ ಹೋಗಿದ್ದಾಗ, ಆತನ ಘನವಾದ ತಿಜೋರಿಗೂ ಅದೇ ಬಗೆಯ ಬೀಗವಿರುವುದನ್ನು ಕಂಡು, ಎದುರಿನಲ್ಲಿಯೇ ಅದನ್ನು ತೆರೆದು ತೋರಿಸಿ ಫೈನ್‌ಮನ್ ಕಾರಣವನ್ನು ವಿವರಿಸಿದನು: ಬೀರುಗಳನ್ನು ತೆರೆದಿಟ್ಟು ಕೆಲಸಮಾಡುವುದೇ ಅಪಾಯ, ಎಲ್ಲರಿಗೂ ತಿಳಿಸಿರಿ, ಎಂದು. ಕರ್ನಲ್ ತಿಳಿಸಿದನು. ಕಾರ್ಖಾನೆಯ ಎಲ್ಲರಿಗೂ ಒಂದು ಸುತ್ತೋಲೆ ಹೋಯಿತು. ಅದರಲ್ಲಿದ್ದದ್ದು ಬೀರುಗಳನ್ನು ಮುಚ್ಚಿಡಿ ಎಂಬ ಸೂಚನೆಯಲ್ಲ. ಫೈನ್‌ಮನ್ ಕಳೆದ ಭೇಟಿಯಲ್ಲಿ ನಿಮ್ಮ ಕೋಣೆಯಲ್ಲಾಗಲಿ, ಕೋಣೆಯ ಬಳಿಯಲ್ಲಾಗಲಿ ಇದ್ದನೇ? ಇದ್ದನೆಂದಾದರೆ ನಿಮ್ಮ ಬೀಗದ ಅಂಕಿಗಳನ್ನು ಬದಲಾಯಿಸಿಕೊಳ್ಳಿ! ಮುಂದಿನ ಸಲ ಆತನು ಹೋದಾಗ ಜನ ಅವನನ್ನು ತಮ್ಮ ಕೋಣೆಯತ್ತ ಬಿಟ್ಟುಕೊಳ್ಳಲಿಲ್ಲ. ಕರ್ನಲ್ಲನ ದೃಷ್ಟಿಯಲ್ಲಿ ದೋಷ ಬೀಗದ್ದಲ್ಲ, ದೋಷವನ್ನು ಕಂಡವನದು.

ಯುದ್ಧ ಮುಗಿದ ಮೇಲೆ, ಸಹೋದ್ಯೋಗಿಯೊಬ್ಬರ ಒಂಬತ್ತು ಬೀರುಗಳನ್ನು ಫೈನ್‌ಮನ್ ಊಹೆಯಿಂದಲೇ ತೆರೆದನು. ಗಣಿತ ಬಲ್ಲವರು ಯಾವ ಸಂಖ್ಯೆಯನ್ನು ನೆನಪಿಟ್ಟುಕೊಂಡಾರು? ೨೭–೧೮–೨೮: ಸ್ವಾಭಾವಿಕ ಲಾಗರಿತಮ್ಮಿನ ಆಧಾರಸಂಖ್ಯೆಯ ಮೊದಲ ಆರು ಅಂಕಿಗಳು. ಒಂಬತ್ತಕ್ಕೂ ಅದೊಂದೇ! ಒಳಗಿದ್ದದ್ದು ಬಾಂಬಿನ ಸಮಗ್ರ ರಹಸ್ಯ. ಇನ್ನೂ ವಿಚಿತ್ರವಾದದ್ದು, ಅಲ್ಲಿನ ಬೀಗದ ಕೆಲಸಗಾರನಿಂದ ಆತನಿಗೆ ತಿಳಿದದ್ದು. ಅಧಿಕಾರಿಯೊಬ್ಬನ ಭಾರಿ ತಿಜೋರಿಯನ್ನು ಈ ಕೆಲಸಗಾರನು ಯಾವ ಪವಾಡದಿಂದ ತೆರೆದನೆಂದು ಕೇಳಿದರೆ, ಪವಾಡವೇನೂ ಇಲ್ಲ; ಕಾರ್ಖಾನೆಯಿಂದ ಬರುವಾಗ ಬೀಗಕ್ಕೆ ಇರುವ ಅಂಕಿಗಳನ್ನೇ ತಿರುಗಿಸಿ ನೋಡಿದ್ದನು. ಆ ಅಧಿಕಾರಿ ಅವನ್ನು ಬದಲಾಯಿಸುವ ಗೋಜಿಗೇ ಹೋಗಿರಲಿಲ್ಲ. ಆಮೇಲೆ ಫೈನ್‌ಮನ್ ತಾನೂ ಪರೀಕ್ಷಿಸಲು, ಐದು ಬೀರುಗಳಲ್ಲಿ ಒಂದರಂತೆ ಕಾರ್ಖಾನೆಯ ಅಂಕಿಗಳಲ್ಲೇ ಉಳಿದಿದ್ದವಂತೆ.

ಈ ಐದರಲ್ಲೊಂದು ಇಂದು ನಮ್ಮ ಮನೆಯ ಗೋಡೆಯ ಮೇಲಿದೆ. ಬಾಗಿಲ ಮೇಲೆ ಹಾಕಿಸಿದ ಕ್ಯಾಮರಾ, ಇಂಟರ್‌ನೆಟ್ಟಿನ ತಂತಿ ಬಂದು ಸೇರುವ ರೂಟರ್ ಪೆಟ್ಟಿಗೆ, ಇವೆಲ್ಲ ಕಾರ್ಖಾನೆಯಿಂದ ಒಂದು ಬಳಕೆದಾರನ ಹೆಸರು, ಒಂದು ಪಾಸ್‌ವರ್ಡ್ ಹೊತ್ತೇ ಬರುತ್ತವೆ. ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ಕ್ರಮವಿಧಿಯೊಂದು ಇಂಥ ಅರುವತ್ತರಷ್ಟು ಜೋಡಿಗಳ ಪಟ್ಟಿಯನ್ನು ಹಿಡಿದು ಲೋಕದ ಮನೆಮನೆಯ ಬಾಗಿಲು ತಟ್ಟಿತು. ಲಕ್ಷಗಟ್ಟಲೆ ಸಾಧನಗಳು ಅದರ ವಶವಾದವು. ಆ ವರ್ಷದ ಅಕ್ಟೋಬರ್ ೨೧ರಂದು ಅಂಥ ಸಾಧನಗಳ ಸೈನ್ಯವೇ ಡಿನ್ ಎಂಬ ಕಂಪನಿಯ ಮೇಲೆ ಬೀಳಲು, ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ತಮ್ಮ ಕ್ಯಾಮರಾ ಈ ದಂಡಯಾತ್ರೆಗೆ ಹೋಗಿಬಂದಿತೆಂದು ಅದರ ಒಡೆಯರಿಗೆ ತಿಳಿಯಲೇ ಇಲ್ಲ. ಚಿತ್ರ ಎಂದಿನಂತೆ ಕಾಣುತ್ತಿತ್ತಲ್ಲ! ಜಗ್ಗಿ ನೋಡಿದರೆ ಬೀಗ ಭದ್ರವಾಗಿಯೇ ಇತ್ತು.

ಪಾಸ್‌ವರ್ಡಿನ ಚರಿತ್ರೆಯೂ ಮೊದಲಿನಿಂದಲೇ ಮುಗ್ಗರಿಸುತ್ತ ಬಂದದ್ದು. ಅನೇಕರು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವ ಏರ್ಪಾಡನ್ನು ಮೊದಲು ಮಾಡಿದವರಲ್ಲಿ ಒಬ್ಬನಾದ ಫರ್ನಾಂಡೊ ಕೊರ್ಬಾಟೊ, ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಅದಕ್ಕೆ ಪಾಸ್‌ವರ್ಡ್‌ಗಳನ್ನೂ ಅಳವಡಿಸಿದನು. ೧೯೬೬ರಲ್ಲಿ ಒಂದು ದಿನ ಆ ಯಂತ್ರದ ಎದುರಿಗೆ ಕುಳಿತವರಿಗೆಲ್ಲ, ದಿನದ ಸೂಚನೆ ಮೂಡಬೇಕಾದ ಜಾಗದಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಪಟ್ಟಿ ಮೂಡಿತಂತೆ. ಇಬ್ಬರು ನಿರ್ವಾಹಕರು ಒಂದೇ ಸಮಯದಲ್ಲಿ ಎರಡು ಕಡತಗಳನ್ನು ತಿದ್ದಲು ಹೋಗಿ ಅವು ಅದಲುಬದಲಾಗಿದ್ದವು. ಕಳ್ಳನೂ ಇಲ್ಲ, ಕಳವೂ ಇಲ್ಲ. ಗುಟ್ಟು ತಾನಾಗಿ ಬೀದಿಗೆ ಬಂದಿತ್ತು.

ಇನ್ನು ನಮ್ಮ ಕಚೇರಿಗಳ ವಿಷಯ. ಕೆಲವು ತಿಂಗಳ ಕೆಳಗೆ ಒಂದು ಕಚೇರಿಗೆ ಹೋಗಿದ್ದೆ, ಯಾವುದೆಂದು ಹೇಳುವುದಿಲ್ಲ. ಗುಮಾಸ್ತರ ಕಂಪ್ಯೂಟರಿನ ಅಂಚಿಗೆ ಹಳದಿ ಚೀಟಿಯಲ್ಲಿ ಪಾಸ್‌ವರ್ಡ್ ಬರೆದು ಅಂಟಿಸಿತ್ತು. ನನ್ನ ಕಣ್ಣು ಅತ್ತ ಹರಿದುದನ್ನು ಕಂಡು ಅವರು ನಕ್ಕು, ‘ಇಲ್ಲಿಗೆ ಯಾರು ಬರ್ತಾರೆ ಸ್ವಾಮಿ’ ಎಂದರು. ನಾನು ಬಂದಿದ್ದೆನಲ್ಲ! ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಮೂರು ಹುದ್ದೆಗಳ ಕೆಲಸ ಒಬ್ಬರ ತಲೆಯ ಮೇಲಿರುವಾಗ, ತಿಂಗಳಿಗೊಮ್ಮೆ ಬದಲಾಗುವ ಹತ್ತು ಪಾಸ್‌ವರ್ಡ್‌ಗಳನ್ನು ಅದೇ ತಲೆಯಲ್ಲಿಡು ಎನ್ನುವುದು ನ್ಯಾಯವಲ್ಲ. ಚೀಟಿ ಅಂಟಿಸಿದವರಿಗಿಂತ, ಚೀಟಿಯಿಲ್ಲದೆ ಕೆಲಸ ನಡೆಯದಂತೆ ನಿಯಮ ಹೂಡಿದವರದೇ ಹೆಚ್ಚಿನ ಹೊಣೆ.

ಕಚೇರಿಯ ಜಾಲವನ್ನು ಕಟ್ಟುವವರು ಕೋಟೆಯನ್ನು ಮಾದರಿಯಾಗಿಟ್ಟುಕೊಂಡು ಹೊರಗೋಡೆಯನ್ನು ಎತ್ತರಿಸುತ್ತಾರೆ. ಏಳು ಸುತ್ತಿನ ಚಿತ್ರದುರ್ಗದಲ್ಲಿ ಹೈದರನ ಸೈನಿಕರು ಬಂದದ್ದು ಮಹಾದ್ವಾರದಿಂದಲ್ಲ, ಒಬ್ಬರು ಮಾತ್ರ ನುಸುಳಬಹುದಾದ ಕಿಂಡಿಯಿಂದ ಎಂಬ ಕಥೆಯನ್ನು ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಆದರೆ ದುರ್ಗಕ್ಕೆ ಒಳಗೂ ಸುತ್ತುಗಳಿದ್ದವು. ನಮ್ಮ ಅನೇಕ ಕಚೇರಿಗಳ ಜಾಲವಾದರೋ ತೊಟ್ಟಿಮನೆಯಂತೆ: ತಲೆಬಾಗಿಲು ದಾಟಿದವನಿಗೆ ಅಡುಗೆಮನ��ಯೂ ಒಂದೇ, ದೇವರಮನೆಯೂ ಒಂದೇ, ಒಳಗಿನ ಯಾವ ಬಾಗಿಲಿಗೂ ಚಿಲಕವಿಲ್ಲ. ೨೦೨೨ರ ನವೆಂಬರ್ ೨೩ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಐದು ಸರ್ವರುಗಳಲ್ಲಿದ್ದ ಮಾಹಿತಿಯನ್ನು ಯಾರೋ ಗೂಢಲಿಪಿಗೆ ತಿರುಗಿಸಿ ನಿರುಪಯುಕ್ತ ಮಾಡಿದರು. ಅನೇಕ ದಿನಗಳ ಕಾಲ ರೋಗಿಗಳ ದಾಖಲೆಯನ್ನೆಲ್ಲ ಕೈಬರಹದಿಂದ ನಡೆಸಬೇಕಾಯಿತು. ಜಾಲವನ್ನು ತಕ್ಕಂತೆ ಭಾಗಮಾಡದಿದ್ದುದೇ ಕಾರಣವೆಂದು ಸರಕಾರವೇ ರಾಜ್ಯಸಭೆಯಲ್ಲಿ ತಿಳಿಸಿತು.

ಬಾಯಿಬೀಗದ ಬೆಲೆಯನ್ನು ಜಗತ್ತು ತೆತ್ತದ್ದು ೨೦೧೭ರಲ್ಲಿ. ವಿಂಡೋಸ್ ಕಂಪ್ಯೂಟರುಗಳು ಕಡತಗಳನ್ನು ತಮ್ಮಲ್ಲಿ ಹಂಚಿಕೊಳ್ಳುವ ಏರ್ಪಾಡಿನಲ್ಲಿ ಒಂದು ಬಿರುಕಿದ್ದಿತು. ಅದನ್ನು ಬಳಸಿ ಒಳನುಗ್ಗುವ ಸಾಧನವು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿತ್ತು. ತಯಾರಕರಿಗೆ ಹೇಳಿ ಬಿರುಕು ಮುಚ್ಚಿಸಿದರೆ ಶತ್ರುವಿನ ಮನೆಯ ಕಿಂಡಿಯೂ ಮುಚ್ಚಿಹೋಗುವುದಲ್ಲ! ಆದರೆ ಆ ಸಾಧನ ಕಳುವಾಯಿತು. ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಕಂಪನಿ ತೇಪೆಯನ್ನು ಹೊರಡಿಸಿತು. ಏಪ್ರಿಲ್‌ನಲ್ಲಿ ಸಾಧನವು ಬಹಿರಂಗವಾಯಿತು. ಮೇ ೧೨ರಂದು ಅದನ್ನೇ ಹೊಟ್ಟೆಯಲ್ಲಿಟ್ಟುಕೊಂಡ ವಾನಾಕ್ರೈ ಎಂಬ ಪಿಡುಗು ಹರಡಿತು. ನೂರೈವತ್ತಕ್ಕೆ ಮೇಲ್ಪಟ್ಟ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸ್ತಬ್ಧವಾದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳು ವೈದ್ಯರನ್ನು ಕಾಣದೆ ಹಿಂದಿರುಗಿದರು. ಸರಕಾರಗಳು ಇಂಥ ಲೋಪಗಳನ್ನು ಸಂಗ್ರಹಿಸಿಟ್ಟುಕೊಳ್ಳುವ ಪದ್ಧತಿಯನ್ನು ಮೈಕ್ರೋಸಾಫ್ಟ್ ಬಹಿರಂಗವಾಗಿಯೇ ಆಕ್ಷೇಪಿಸಿತು. ಎರಡು ತಿಂಗಳಿಂದ ಸಿದ್ಧವಾಗಿದ್ದ ತೇಪೆಯನ್ನು ಹಾಕಿಕೊಳ್ಳದವರಿಗೂ ಇದರಲ್ಲಿ ಪಾಲುಂಟು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ನಮ್ಮ ಗಾದೆ ಅವರಿಗಾಗಿಯೇ ಇರಬೇಕು.

ಎದುರು ಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ೧೯೮೮ರ ನವೆಂಬರ್‌ನಲ್ಲಿ ರಾಬರ್ಟ್ ಮಾರಿಸ್ ಎಂಬ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಜಾಲದ ಬಿರುಕುಗಳಲ್ಲಿ ತಾನಾಗಿ ಹರಿದಾಡುವ ಕ್ರಮವಿಧಿಯೊಂದನ್ನು ಬಿಟ್ಟನು. ಅದು ಲೆಕ್ಕ ಮೀರಿ ಬೆಳೆದು, ಆಗಿನ ಪುಟ್ಟ ಇಂಟರ್‌ನೆಟ್ಟಿನ ಸಾವಿರಾರು ಯಂತ್ರಗಳನ್ನು ಕೆಡವಿತು. ನ್ಯಾಯಾಲಯ ಆತನಿಗೆ ದಂಡ ವಿಧಿಸಿತು, ತಪ್ಪೆನ್ನಲಾರೆ. ಹಾಬ್ಸನಾದರೋ ಸಾಕ್ಷಿಗಳನ್ನು ಕರೆದು, ಒಡೆಯರ ಒಪ್ಪಿಗೆ ಪಡೆದು, ತೆರೆದ ಬೀಗವನ್ನು ಮತ್ತೆ ಹಾಕಿ ಎದ್ದನು. ಲೋಪವನ್ನು ಮೊದಲು ತಯಾರಕನಿಗೆ ತಿಳಿಸಿ, ತೇಪೆ ಹಾಕಲು ಗಡುವು ಕೊಟ್ಟು, ಆಮೇಲೆ ಪ್ರಕಟಿಸುವುದು ಈಗಿನ ಪ್ರಾಜ್ಞರ ಸಂಪ್ರದಾಯ. ತೊಂಬತ್ತು ದಿನಗಳ ಗಡುವು ಸಾಮಾನ್ಯ. ಆದರೆ ಈ ಸಂಪ್ರದಾಯ ನಡೆಯಬೇಕಾದರೆ, ಹೇಳಿದವನ ಮಾತು ಕೇಳುವ ಕಿವಿಯೊಂದು ಆ ಕಡೆ ಇರಬೇಕು.

ಕಳೆದ ವರ್ಷ ನನ್ನಲ್ಲಿ ಓದುತ್ತಿದ್ದ ಹುಡುಗನೊಬ್ಬ ಸಂಜೆ ಮನೆಗೆ ಬಂದು, ಬಹಳ ಹೊತ್ತು ಏನನ್ನೂ ಹೇಳದೆ ಕುಳಿತನು. ‘ಏನಪ್ಪಾ, ಫೀಸು ಕಟ್ಟಿದೆಯಾ?’ ಎಂದು ಕೇಳಿದೆ. ಅದೇ ಅವನ ಸಮಸ್ಯೆಯಾಗಿತ್ತು. ಒಂದು ಸಂಸ್ಥೆಯ ಜಾಲತಾಣದಲ್ಲಿ ಶುಲ್ಕ ಕಟ್ಟಿ ರಸೀತಿ ತೆಗೆಯುವಾಗ, ಪುಟದ ವಿಳಾಸದ ಕೊನೆಯಲ್ಲಿದ್ದ ಸಂಖ್ಯೆಯಲ್ಲಿ ಒಂದು ಅಂಕಿ ಕೈತಪ್ಪಿ ಬದಲಾಯಿತು. ತೆರೆದದ್ದು ಯಾರೋ ಹುಡುಗಿಯ ರಸೀತಿ: ತಂದೆಯ ಹೆಸರು, ಮನೆಯ ವಿಳಾಸ, ಫೋನ್ ನಂಬರು ಸಹಿತ. ಬಾಗಿಲಿಗೆ ಬೀಗವೇ ಇರಲಿಲ್ಲ. ಬಾಗಿಲುಗಳಿಗೆ ಕ್ರಮವಾಗಿ ನಂಬರು ಮಾತ್ರ ಇತ್ತು. ‘ಸಾರ್, ಅವರಿಗೆ ಹೇಳಲಾ, ಸುಮ್ಮನಿರಲಾ? ನಮ್ಮಪ್ಪ ನಮಗ್ಯಾಕೆ ಊರ ಉಸಾಬರಿ ಅಂತಾರೆ.’

ತಂದೆಯ ಭಯ ನಿರಾಧಾರವಲ್ಲ. ನಮ್ಮ ೨೦೦೦ದ ಮಾಹಿತಿ ತಂತ್ರಜ್ಞಾನ ಶಾಸನದ ೪೩ನೆಯ ವಿಧಿಯಂತೆ ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸಿದವನು ಪರಿಹಾರಕ್ಕೆ ಗುರಿಯಾಗಬಹುದು. ಅಪ್ರಾಮಾಣಿಕತೆಯೋ ವಂಚನೆಯೋ ಇದ್ದಿತೆಂದು ಕಂಡರೆ ೬೬ನೆಯ ವಿಧಿಯಂತೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ. ಲೋಪವನ್ನು ಸದುದ್ದೇಶದಿಂದ ಕಂಡು ತಿಳಿಸುವವನಿಗೆಂದು ಪ್ರತ್ಯೇಕವಾದ ಅಭಯ ಆ ಶಾಸನದಲ್ಲಿಲ್ಲ. ೨೦೧೮ರ ಜನವರಿಯಲ್ಲಿ ಚಂಡೀಗಢದ ‘ದಿ ಟ್ರಿಬ್ಯೂನ್’ ಪತ್ರಿಕೆ, ೫೦೦ ರೂಪಾಯಿಗೆ ಆಧಾರ್ ವಿವರಗಳನ್ನು ನೋಡುವ ಅವಕಾಶ ಮಾರಾಟವಾಗುತ್ತಿದೆಯೆಂದು ವರದಿ ಮಾಡಿದಾಗ, ಪ್ರಾಧಿಕಾರದ ದೂರಿನ ಮೇಲೆ ದೆಹಲಿಯ ಪೊಲೀಸರು ದಾಖಲಿಸಿದ ಮೊಕದ್ದಮೆಯಲ್ಲಿ ವರದಿಗಾರ್ತಿಯ ಹೆಸರೂ ಇದ್ದಿತು. ಬೆರಳಚ್ಚು ಮೊದಲಾದ ದೇಹಗುರುತುಗಳು ಸೋರಿಲ್ಲವೆಂಬುದು ಪ್ರಾಧಿಕಾರದ ಸಮಜಾಯಿಷಿ. ದೇಶದಾದ್ಯಂತ ಆಕ್ಷೇಪವೆದ್ದ ಮೇಲೆ ತನಿಖೆಗೆ ಪತ್ರಿಕೆಯ ನೆರವು ಕೋರುವುದಾಗಿ ಹೇಳಿತು. ಇದನ್ನೆಲ್ಲ ಹುಡುಗನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದೆ. ಇಂಥ ದೂರುಗಳನ್ನು ಸ್ವೀಕರಿಸುವ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ ೨೦೦೪ರಿಂದ ಇದೆಯೆಂದೂ ತಿಳಿಸಿದೆ. ಅವನು ಕೇಳಿಕೊಂಡು, ‘ಆ ಹುಡುಗಿಗೆ ಗೊತ್ತಿಲ್ಲವಲ್ಲ ಸಾರ್, ತನ್ನ ನಂಬರು ಹೀಗೆ ಬಿದ್ದಿದೆ ಅಂತ’ ಎಂದನು. ನಾನು ಕಾಗದ ತೆಗೆದುಕೊಂಡೆ.

ಪತ್ರ ಹೋದದ್ದು ನನ್ನ ಹೆಸರಿನಲ್ಲಿ, ನನ್ನ ಸಹಿಯೊಡನೆ. ಒಂದು ಪ್ರತಿ ಸರ್ಟ್-ಇನ್ ವಿಳಾಸಕ್ಕೂ. ದೋಷ ಎಲ್ಲಿದೆ, ಹೇಗೆ ಕಂಡಿತು, ಯಾವ ಪ್ರತಿಯನ್ನೂ ಇಟ್ಟುಕೊಂಡಿಲ್ಲ ಎಂಬ ನಾಲ್ಕೇ ಸಾಲು. ಮೂರನೆಯ ದಿನ ಹುಡುಗ ತನ್ನ ರಸೀತಿಯ ಪುಟವನ್ನು ತೆರೆಯಹೋದಾಗ ಅದು ಹೊಸದಾಗಿ ಪಾಸ್‌ವರ್ಡ್ ಕೇಳಿತು, ದೋಷ ತಿದ್ದಿದ್ದರು. ಸಂಸ್ಥೆಯ ಉತ್ತರ ಬಂದದ್ದು ಹದಿನೈದು ದಿನಗಳ ಮೇಲೆ. ಅದರಲ್ಲಿ ವಂದನೆಯಿರಲಿಲ್ಲ, ಮೂರು ಪ್ರಶ್ನೆಗಳಿದ್ದವು: ವಿದ್ಯಾರ್ಥಿ ಯಾರು, ಯಾವ ತರಗತಿ, ಯಾರ ಅನುಮತಿಯಿಂದ ಸಂಖ್ಯೆಯನ್ನು ಬದಲಾಯಿಸಿದನು? ಮೊದಲ ಎರಡಕ್ಕೆ ಉತ್ತರ ಕೊಡುವುದಿಲ್ಲವೆಂದು ಬರೆದೆ. ಮೂರನೆಯದಕ್ಕೆ ಏನು ಬರೆಯಲೆಂದು ಹುಡುಗನನ್ನೇ ಕೇಳಿದೆ. ‘ಕೈತಪ್ಪಿ ಒತ್ತಿದ ಅಂತ ಬರೀರಿ ಸಾರ್, ಅದೇ ನಿಜ’ ಎಂದನು. ಹಾಗೆಯೇ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ.